ವಾಯಿದೆಯ ದಿನ

ಬೆಳಗಿನ ಹತ್ತೂವರೆ. ಹಳೇ ಮೈಸೂರು ಸೀಮೆಯ ಒಂದು ತಾಲ್ಲೂಕು ಕೇಂದ್ರ. ಕೋರ್ಟಿನ ಕಾಂಪೌಂಡಿನ ಹೊಂಗೆ ಮರಗಳಡಿ ಬೈಕುಗಳು ಒಂದಕ್ಕೊಂದು ಒರಗಿ ನಿಂತಿವೆ. ಹಳ್ಳಿ ಬಸ್ಸುಗಳಿಂದ ಇಳಿದ ಜನ ಗೇಟು ದಾಟಿ ಬರುತ್ತಿದ್ದಾರೆ. ಯಾರ ಕೈಯೂ ಖಾಲಿಯಿಲ್ಲ. ಬಟ್ಟೆ ಅಂಗಡಿಯ ಕವರು, ಮೊಮ್ಮಕ್ಕಳ ಹಳೆಯ ಸ್ಕೂಲ್ ಬ್ಯಾಗು, ಜಿಪ್ಪು ಕಿತ್ತ ರೆಕ್ಸಿನ್ ಚೀಲ. ಒಳಗೆ ಪಹಣಿ, ಮ್ಯುಟೇಷನ್ ನಕಲು, ಮಡಿಕೆಯಲ್ಲಿ ಹರಿದು ಸೆಲ್ಲೋಟೇಪು ಅಂಟಿಸಿಕೊಂಡ ಕ್ರಯಪತ್ರ. ಜಮೀನು ಊರಲ್ಲೇ ಇರುತ್ತದೆ. ಅದರ ಕಾಗದ ಮಾತ್ರ ಪ್ರತಿ ವಾಯಿದೆಗೂ ಬಸ್ಸು ಹತ್ತಿ ಬರುತ್ತದೆ.

ಗೇಟಿನ ಪಕ್ಕ, ತಗಡಿನ ಶೀಟಿನಡಿ, ನೋಟರಿಯ ಮೇಜಿನ ಮುಂದೆ ಆಗಲೇ ಐದಾರು ಜನ. ಆಚೆ ಮಳಿಗೆಯ ಜೆರಾಕ್ಸ್ ಯಂತ್ರಕ್ಕೆ ಉಸಿರಾಡಲು ಬಿಡುವಿಲ್ಲ. ಕಂಪ್ಯೂಟರ್ ಮುಂದೆ ಕೂತ ಹುಡುಗಿ ಅಫಿಡವಿಟ್ಟಿನಲ್ಲಿ ಹಳೆಯ ಕಕ್ಷಿದಾರನ ಹೆಸರು ಅಳಿಸಿ ಹೊಸಬನದು ತುಂಬುತ್ತಿದ್ದಾಳೆ. ಕರಿಕೋಟನ್ನು ತೋಳಿಗೆ ಹಾಕಿಕೊಂಡ ಜೂನಿಯರ್ ಒಬ್ಬರು ಕ್ಯಾಂಟೀನಿನಲ್ಲಿ ನಿಂತೇ ಇಡ್ಲಿ ಮುಗಿಸುತ್ತ ಡೈರಿಯ ಪುಟ ತಿರುವುತ್ತಿದ್ದಾರೆ. ಇವರೆಲ್ಲರ ನಡುವೆ ಓಡಾಡುವವನು ವಕೀಲರ ಗುಮಾಸ್ತ. ಯಾವ ಕೇಸು ಯಾವ ಹಾಲಿನಲ್ಲಿದೆ, ಇವತ್ತು ಯಾವ ನ್ಯಾಯಾಧೀಶರು ರಜೆ, ಯಾವ ಕಡತ ಆಫೀಸಿನಿಂದ ಇನ್ನೂ ಮೇಲೆ ಬಂದಿಲ್ಲ, ಎಲ್ಲವೂ ಅವನ ನಾಲಿಗೆಯ ತುದಿಯಲ್ಲಿದೆ.

ವರಾಂಡದ ಕಲ್ಲು ಬೆಂಚಿನ ತುದಿಯಲ್ಲಿ ಅರವತ್ತು ದಾಟಿದ ಹೆಂಗಸೊಬ್ಬರು ಕೂತಿದ್ದಾರೆ. ಜೊತೆಗೆ ಮಗಳ ಮಗ, ಪಿಯುಸಿ ಓದುವ ಹುಡುಗ. ಮದುವೆ ಪತ್ರಿಕೆಯೊಂದರ ಬೆನ್ನಿಗೆ ಬರೆದಿಟ್ಟುಕೊಂಡ 16 ಅಕ್ಷರ-ಅಂಕಿಗಳ ಸಿಎನ್‌ಆರ್ ಸಂಖ್ಯೆಯನ್ನು ಹುಡುಗ ಫೋನಿನ ಇ-ಕೋರ್ಟ್ಸ್ ಆ್ಯಪಿಗೆ ಒತ್ತುತ್ತಾನೆ. ಮೊದಲೆಲ್ಲ ಮುಂದಿನ ತಾರೀಖು ತಿಳಿಯಬೇಕಾದರೆ ಗುಮಾಸ್ತನ ಹಿಂದೆ ಅಲೆಯಬೇಕಿತ್ತು. ಈಗ ಹಿಂದಿನ ತಾರೀಖುಗಳೂ ಮುಂದಿನದೂ ಪರದೆಯ ಮೇಲೆ ಸಾಲಾಗಿ ಬರುತ್ತವೆ.

“ಏನಂತೆ ಮಗಾ?”

“ಎವಿಡೆನ್ಸ್ ಅಂತಿದೆ ಅಜ್ಜಿ. ಇವತ್ತು ನಿನ್ನ ಕೇಳ್ತಾರೆ.”

ಅಜ್ಜಿ ಸೆರಗು ಸರಿಮಾಡಿಕೊಳ್ಳುತ್ತಾರೆ.

ಇವರದು ಅಪರೂಪದ ದಾವೆಯಲ್ಲ. ಹೆಸರು, ಸರ್ವೆ ನಂಬರು ಬದಲಿಸಿದರೆ ಯಾವ ತಾಲ್ಲೂಕು ಕೋರ್ಟಿನ ಕಪಾಟಿನಲ್ಲಾದರೂ ಸಿಗುವಂಥದ್ದು. ತಾತನ ಕಾಲದಿಂದ ಬಂದ 3 ಎಕರೆ 20 ಗುಂಟೆ, ಅಂದರೆ 140 ಗುಂಟೆ. ಇಬ್ಬರು ಹೆಣ್ಣು, ಇಬ್ಬರು ಗಂಡು ಮಕ್ಕಳು. ಹಿರಿಯರಾದ ಇವರ ಮದುವೆ ನಡೆದದ್ದು 1985ರಲ್ಲಿ. ತಂದೆ ತೀರಿಕೊಂಡದ್ದು 2001ರಲ್ಲಿ, ಆಮೇಲೆ ತಾಯಿ. ಖಾತೆ ಇಬ್ಬರು ತಮ್ಮಂದಿರ ಹೆಸರಿಗಿದೆ. ನಾಲ್ಕರಲ್ಲೊಂದು ಪಾಲು ಎಂದರೆ 35 ಗುಂಟೆ. ಕೇಳುತ್ತಿರುವುದು ಅಷ್ಟನ್ನೇ.

ವಕೀಲರ ಆಫೀಸಿನಲ್ಲಿ ಮೊದಲ ಸಲ ಕೂತ ಸಂಜೆ ಅವರು ಗುಂಟೆಯ ಲೆಕ್ಕ ಎತ್ತಿರಲಿಲ್ಲ. ತಾಯಿ ಹಾಸಿಗೆ ಹಿಡಿದಾಗ ಬಂದು ನೋಡಿಕೊಂಡದ್ದು ತಾನೇ ಎಂಬುದನ್ನು ಹೇಳಿದರು. ಗೌರಿ ಹಬ್ಬಕ್ಕೆ ತವರಿನ ಬಾಗಿನ ಬರುವುದು ನಿಂತದ್ದನ್ನು ಹೇಳಿದರು. ತಮ್ಮನ ಮಗನ ಮದುವೆಗೆ ಬಾಯಿಮಾತಿನ ಕರೆಯೂ ಬಾರದ್ದನ್ನು ಹೇಳಿ ಕಣ್ಣೊರೆಸಿಕೊಂಡರು. ವಕೀಲರು ಕೇಳಿಸಿಕೊಂಡರು, ಬರೆದುಕೊಳ್ಳಲಿಲ್ಲ. ಮಾತು ನಿಂತ ಮೇಲೆ ಪೆನ್ನು ಬಿಚ್ಚಿದರು. ಜಮೀನು ತಾತನದೋ, ಅಪ್ಪ ಸಂಪಾದಿಸಿದ್ದೋ? ಅಪ್ಪನ ಮರಣ ಪತ್ರ ಇದೆಯೋ? ಖಾತೆ ಬದಲಾದದ್ದು ಯಾವ ವರ್ಷ? ಏನಾದರೂ ಮಾರಿದ್ದಾರೋ?

“ಬಾಗಿನದ ವಿಸ್ಯ ಬರ್ಕೊಳ್ಳಕ್ಕಿಲ್ವಾ ಸಾ?”

“ಅದು ನನಗೆ ಗೊತ್ತಿರಲಿ ಅಮ್ಮ. ಕೋರ್ಟಿಗೆ ಬೇಕಾಗಿರೋದು ಪಹಣಿ.”

ಸಿವಿಲ್ ವಕೀಲನ ಅರ್ಧ ಕಸುಬು ಈ ಸೋಸುವಿಕೆಯಲ್ಲಿದೆ. ನಲವತ್ತು ವರ್ಷದ ನೋವಿನಲ್ಲಿ ಕಾನೂನಿನ ಕಿವಿಗೆ ಬೀಳುವುದೆಷ್ಟು ಎಂದು ನೋಡಿ, ಉಳಿದದ್ದನ್ನು ಮೇಜಿನ ಈಚೆಗೇ ಬಿಡಬೇಕು. ಕಕ್ಷಿದಾರರಿಗೆ ಮೊದಲ ಏಟು ಬೀಳುವುದೂ ಇಲ್ಲೇ. ತನಗಾದ ಅನ್ಯಾಯವೆಂದು ಎದೆಯಲ್ಲಿ ಹೊತ್ತು ತಂದದ್ದರಲ್ಲಿ ಬಹುಪಾಲು ದಾವೆಗೆ ಸಂಬಂಧವೇ ಇಲ್ಲದ್ದು ಎಂದು ಅವರಿಗೆ ಗೊತ್ತಾಗುವುದು ಆ ಸಂಜೆ.

ಕಾನೂನು ಈ ಹೆಂಗಸಿನ ಹತ್ತಿರ ಬರಲು ತನ್ನದೇ ಸಮಯ ತೆಗೆದುಕೊಂಡಿತ್ತು. ಅವಿಭಕ್ತ ಕುಟುಂಬದ ಆಸ್ತಿಯಲ್ಲಿ ಮಗಳಿಗೂ ಹುಟ್ಟಿನಿಂದಲೇ ಹಕ್ಕು ಎಂಬುದನ್ನು ಕರ್ನಾಟಕ 1994ರ ಜುಲೈ 30ರಿಂದಲೇ ಜಾರಿಗೆ ತಂದಿತ್ತು. ಆದರೆ ಅದಕ್ಕೆ ಮುಂಚೆ ಮದುವೆಯಾದವರಿಗೆ ಆ ಹಕ್ಕಿರಲಿಲ್ಲ. 1985ರಲ್ಲಿ ಹಸೆಮಣೆ ಏರಿದವರು ಗೆರೆಯ ಆಚೆ ಉಳಿದರು. 2005ರ ಸೆಪ್ಟೆಂಬರ್ 9ರಂದು ಜಾರಿಯಾದ ಕೇಂದ್ರದ ತಿದ್ದುಪಡಿ ಆ ಗೆರೆಯನ್ನು ಅಳಿಸಿತು. ಅಳಿಸಿದ ಜಾಗದಲ್ಲೇ ಹೊಸ ಪ್ರಶ್ನೆ ಎದ್ದಿತು: ಆ ದಿನಕ್ಕೆ ತಂದೆ ಬದುಕಿರಬೇಕೋ ಬೇಡವೋ? ಬದುಕಿರಲೇಬೇಕೆಂದೇನಿಲ್ಲ ಎಂದು ವಿನೀತಾ ಶರ್ಮಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಇತ್ಯರ್ಥ ಮಾಡಿದ್ದು 2020ರ ಆಗಸ್ಟ್ 11ರಂದು. ಅಷ್ಟು ಹೊತ್ತಿಗೆ ಈ ಅಜ್ಜಿಯ ಮೊಮ್ಮಗ ಶಾಲೆಗೆ ಹೋಗುತ್ತಿದ್ದ.

ವಾದಪತ್ರ ಬರೆಯಲು ಕೂತಾಗ ಇನ್ನೊಂದು ಸಂಕಟ. ಪಾಲಿನ ದಾವೆಯಲ್ಲಿ ಪಾಲುದಾರರೆಲ್ಲರೂ ಕಕ್ಷಿದಾರರಾಗಿರಲೇಬೇಕು. ತಂಗಿ ಅಕ್ಕನ ಜೊತೆ ಸಹಿ ಹಾಕಲು ಒಪ್ಪಲಿಲ್ಲ. ಅವಳಿಗೆ ತವರಿನ ಬಾಗಿಲು ಇನ್ನೂ ತೆರೆದಿತ್ತು, ಮುಚ್ಚಿಸಿಕೊಳ್ಳುವ ಧೈರ್ಯವಿರಲಿಲ್ಲ. ಹಾಗಾಗಿ ಅವಳು ಮೂರನೇ ಪ್ರತಿವಾದಿಯಾದಳು. “ಅವ್ಳೇನ್ ಮಾಡವ್ಳೆ ಅಂತ ಕೋರ್ಟಿಗೆ ಎಳೀಬೇಕು?” ಎಂದು ಅಕ್ಕ ಎರಡು ದಿನ ವಕೀಲರ ಫೋನು ಎತ್ತಲಿಲ್ಲ. ದೊಡ್ಡ ತಮ್ಮನಿಂದ 20 ಗುಂಟೆ ಕೊಂಡಿದ್ದ ಪಕ್ಕದ ಊರಿನವನು ನಾಲ್ಕನೇ ಪ್ರತಿವಾದಿ.

ಶುಲ್ಕದ ಲೆಕ್ಕವೂ ಒಂದು ವಾಕ್ಯದ ಮೇಲೆ ನಿಂತಿರುತ್ತದೆ. ಆಸ್ತಿ ಜಂಟಿ ಸ್ವಾಧೀನದಲ್ಲಿದೆ ಎಂದು ಹೇಳಿ ಪಾಲು ಕೇಳಿದರೆ, 1958ರ ಕರ್ನಾಟಕ ಕೋರ್ಟ್ ಶುಲ್ಕ ಕಾಯ್ದೆಯ ಪ್ರಕಾರ 200 ರೂಪಾಯಿ ಕಟ್ಟಿ ದಾವೆ ಹೂಡಬಹುದು. ನನ್ನನ್ನು ಪೂರ್ತಿ ಹೊರಗಟ್ಟಿದ್ದಾರೆ ಎಂದು ಸಿಟ್ಟಿನಲ್ಲಿ ಬರೆಸಿದರೆ, ತನ್ನ ಪಾಲಿನ ಮಾರುಕಟ್ಟೆ ಬೆಲೆಯ ಮೇಲೆ ಶುಲ್ಕ ಬೀಳುತ್ತದೆ. ರಸ್ತೆ ಬದಿಯ 35 ಗುಂಟೆಗೆ ಅದು ಸಣ್ಣ ಮೊತ್ತವಲ್ಲ. ಅಲ್ಲಿಗೆ ಸಿಟ್ಟೂ ಡ್ರಾಫ್ಟಿನಿಂದ ಹೊರಗೆ ಹೋಯಿತು.

ಆಮೇಲಿನದು ಕಾಯುವ ಪರ್ವ. ಅಮೀನರು ಸಮನ್ಸ್ ಹಿಡಿದು ಹೋದರೆ ಒಬ್ಬ ತಮ್ಮನ ಮನೆಗೆ ಬೀಗ. ಮತ್ತೆ ಪ್ರೋಸೆಸ್ ಫೀ ಕಟ್ಟಿ, ಮತ್ತೆ ಸಮನ್ಸ್. ಉತ್ತರ ಕೊಡಲು ಕಾಯ್ದೆ ಹಾಕಿದ ಗಡುವು ಸಮನ್ಸ್ ಜಾರಿಯಾದ ದಿನದಿಂದ 30 ದಿನ, ಕಾರಣ ತೋರಿಸಿದರೆ 90. ಆ ಗಡುವನ್ನೂ ವಿಶೇಷ ಸಂದರ್ಭದಲ್ಲಿ ಸಡಿಲಿಸಬಹುದೆಂದು ಸುಪ್ರೀಂ ಕೋರ್ಟು ಹೇಳಿರುವುದರಿಂದ, ಸಡಿಲಿಕೆ ಕೇಳುವವರಿಗೆ ಸಂದರ್ಭಗಳು ಹುಟ್ಟುತ್ತಲೇ ಇರುತ್ತವೆ. ನಡುವೆ ಜಮೀನು ಇನ್ನಷ್ಟು ಕೈ ಬದಲಿಸದಂತೆ ತಡೆಯಾಜ್ಞೆಯ ಅರ್ಜಿ, ಅದಕ್ಕೆ ತಕರಾರು, ಅದರ ಮೇಲೆ ವಾದ. ಯಥಾಸ್ಥಿತಿ ಕಾಪಾಡಬೇಕೆಂದು ಆದೇಶವಾದ ದಿನ ಅಜ್ಜಿ ಗೆದ್ದೆವೆಂದುಕೊಂಡು ಊರಿನ ಮಾರಮ್ಮನಿಗೆ ಕಾಯಿ ಒಡೆದರು. ದಾವೆ ಆಗಿನ್ನೂ ವಿವಾದಾಂಶ ರಚಿಸುವ ಹಂತಕ್ಕೂ ಬಂದಿರಲಿಲ್ಲ.

ಹನ್ನೊಂದಕ್ಕೆ ನ್ಯಾಯಾಧೀಶರು ಪೀಠಕ್ಕೆ ಬರುತ್ತಾರೆ. ಹಾಲಿನಲ್ಲಿ ಎಲ್ಲರೂ ಎದ್ದು ನಿಂತು ಕೂರುತ್ತಾರೆ. ಬೆಂಚ್ ಕ್ಲರ್ಕು ನಂಬರು ಓದುತ್ತಾರೆ, ಬಾಗಿಲಲ್ಲಿ ನಿಂತ ಜವಾನ ಹೆಸರು ಕೂಗುತ್ತಾನೆ. ವರಾಂಡದ ಗದ್ದಲದಲ್ಲಿ ತಮ್ಮ ಹೆಸರನ್ನು ತಾವೇ ಗುರುತಿಸಲಾಗದೆ ಕೂತವರನ್ನು ಗುಮಾಸ್ತ ಭುಜ ತಟ್ಟಿ ಎಬ್ಬಿಸುತ್ತಾನೆ. ಅಸಡ್ಡೆ ಮಾಡುವಂತಿಲ್ಲ. ವಾದಿಯ ಕಡೆ ಯಾರೂ ಇಲ್ಲದಿದ್ದರೆ ದಾವೆ ಗೈರುಹಾಜರಿಯಿಂದ ವಜಾ ಆಗಬಹುದು, ಮತ್ತೆ ಊರ್ಜಿತಗೊಳಿಸಲು ಇನ್ನೊಂದು ಅರ್ಜಿ ಬೇಕು. ಪ್ರತಿವಾದಿ ಬಾರದಿದ್ದರೆ ಅವನನ್ನು ಬಿಟ್ಟು ಏಕಪಕ್ಷೀಯವಾಗಿ ಮುಂದುವರಿಯುತ್ತದೆ.

ಬೆಳಗಿನ ಕರೆ ಬಲು ವೇಗ. ಸಮನ್ಸ್ ಜಾರಿಯಾಗಿಲ್ಲ. ತಕರಾರಿಗೆ ಕಾಲಾವಕಾಶ. ಹಿರಿಯ ವಕೀಲರು ಮೈಸೂರಿಗೆ ಹೋಗಿದ್ದಾರೆ ಸ್ವಾಮಿ. ಒಂದೊಂದಕ್ಕೂ ಒಂದೆರಡು ನಿಮಿಷ, ಒಂದು ತಾರೀಖು. ವಿಚಾರಣೆ ಶುರುವಾದ ಮೇಲೆ ಒಂದು ಕಡೆಯವರಿಗೆ ಮೂರಕ್ಕಿಂತ ಹೆಚ್ಚು ಸಲ ಮುಂದೂಡಿಕೆ ಕೊಡಬಾರದೆಂದು ಸಿವಿಲ್ ಪ್ರಕ್ರಿಯಾ ಸಂಹಿತೆ ಹೇಳುತ್ತದೆ. ಮೇಜಿನ ಮೇಲಿನ ಕಡತಗಳ ದಪ್ಪ ನೋಡಿದರೆ ಆ ಮಾತಿನ ಬಲ ಎಷ್ಟೆಂದು ತಿಳಿಯುತ್ತದೆ. ಒಂದು ಹಳೆಯ ದಾವೆಯಲ್ಲಿ ಕೂಗಿದ ಹೆಸರಿಗೆ ನಡುವಯಸ್ಸಿನ ಮೂವರು ಎದ್ದರು. ಕೂಗಿದ್ದು ಅವರ ತಂದೆಯ ಹೆಸರು. ಕಕ್ಷಿದಾರ ಸತ್ತರೆ 90 ದಿನದೊಳಗೆ ವಾರಸುದಾರರನ್ನು ದಾವೆಗೆ ಸೇರಿಸಬೇಕು. ಹಾಗೆ ಸೇರಿದ ಮಕ್ಕಳು 1(ಎ), 1(ಬಿ), 1(ಸಿ) ಆಗಿ ಅಪ್ಪನ ಅಂಕಿಯ ಕೆಳಗೆ ನಿಲ್ಲುತ್ತಾರೆ.

ಹನ್ನೆರಡು ದಾಟಿದ ಮೇಲೆ ಅಜ್ಜಿಯ ಸರದಿ. ಮುಖ್ಯ ವಿಚಾರಣೆ ಪ್ರಮಾಣಪತ್ರದ ಮೂಲಕ ಆಗಲೇ ಮುಗಿದಿದೆ. ವಕೀಲರೇ ಸಿದ್ಧಪಡಿಸಿ, ಓದಿ ಹೇಳಿ, ಸಹಿ ಹಾಕಿಸಿದ ಮಾತುಗಳವು. ಇವತ್ತು ಪಾಟೀಸವಾಲು. ಇಲ್ಲಿ ಅವರ ವಕೀಲರು ತಕರಾರು ಎತ್ತಬಹುದೇ ಹೊರತು ಉತ್ತರ ಹೇಳಿಕೊಡುವಂತಿಲ್ಲ. “ಗೊತ್ತಿದ್ರೆ ಗೊತ್ತು ಅನ್ನಿ, ಗೊತ್ತಿಲ್ದಿದ್ರೆ ಗೊತ್ತಿಲ್ಲ ಅನ್ನಿ, ಕತೆ ಹೇಳ್ಬೇಡಿ” ಎಂದಷ್ಟೇ ಮೆಟ್ಟಿಲ ಬಳಿ ಹೇಳಿ ಕಳಿಸಿದ್ದಾರೆ. ಸತ್ಯವನ್ನೇ ಹೇಳುವುದಾಗಿ ಪ್ರಮಾಣ ಮಾಡಿ ಅಜ್ಜಿ ಸಾಕ್ಷಿಕಟ್ಟೆಯ ಮರದ ಪಟ್ಟಿ ಹಿಡಿದು ನಿಂತರು.

ತಮ್ಮಂದಿರ ವಕೀಲರದು ಮೆದು ದನಿ. “ನಿಮ್ಮ ಮದುವೆಗೆ ನಿಮ್ಮ ತಂದೆ ಖರ್ಚು ಮಾಡಿದ್ರು?”

“ಮಾಡುದ್ರು ಸಾ. ಆದ್ರೆ ಆ ಸಾಲ ತೀರ್ಸಕ್ಕೆ ನಾನೂವೆ ವರ್ಸಗಟ್ಲೆ ಸೊಪ್ಪು ಕುಯ್ದು, ಹುಳ ಸಾಕಿ...”

“ಕೇಳಿದ್ದಕ್ಕೆ ಮಾತ್ರ ಹೇಳಿ ಅಮ್ಮ” ಎಂದರು ನ್ಯಾಯಾಧೀಶರು. ಬೆರಳಚ್ಚುಗಾರರ ಪರದೆಯ ಮೇಲೆ ಮೂಡಿದ್ದು: ‘ನನ್ನ ಮದುವೆಗೆ ನನ್ನ ತಂದೆ ಖರ್ಚು ಮಾಡಿದ್ದರು ಎಂದರೆ ಸರಿ.’ ಸೊಪ್ಪು, ರೇಷ್ಮೆ ಹುಳ ಎರಡೂ ದಾಖಲೆಗೆ ಬರಲಿಲ್ಲ.

“ದಾವಾ ಜಮೀನಿನ ಪೂರ್ವಕ್ಕೆ ಯಾರ ಜಮೀನಿದೆ?”

ಅಜ್ಜಿ ಕಟ್ಟೆಯೊಳಗೇ ಅರ್ಧ ತಿರುಗಿ ಕೈಚಾಚಿದರು. ಬಾವಿಯ ಕಡೆಯಿಂದ ನಿಂತರೆ ಹುಣಸೇಮರ, ಅದರಾಚೆ ದೊಡ್ಡಪ್ಪನ ತಾಕು, ಅದರ ಬದುವಿನಲ್ಲೊಂದು ಕಲ್ಲು. ಆ ನೆಲವನ್ನು ಕಾಲಿನಿಂದ ಬಲ್ಲವರು ಅವರು. ಕೋರ್ಟಿಗೆ ಬೇಕಿದ್ದದ್ದು ನಾಲ್ಕು ದಿಕ್ಕಿನ ಚೆಕ್ಕುಬಂದಿ. ಹುಣಸೇಮರ ಇರುವುದು ಪೂರ್ವಕ್ಕೋ ಈಶಾನ್ಯಕ್ಕೋ ಎಂಬುದು ಇತ್ಯರ್ಥವಾಗದೆ ‘ಪೂರ್ವದ ಚೆಕ್ಕುಬಂದಿ ನೆನಪಿಲ್ಲ’ ಎಂದು ದಾಖಲಾಯಿತು. ಅವರ ವಕೀಲರು ಕೂತಲ್ಲೇ ಪೆನ್ನಿನ ಕ್ಯಾಪು ತಿರುಗಿಸಿದರು.

ಆಮೇಲೆ ಬಂತು ಎದುರಾಳಿಗಳ ಮುಖ್ಯ ಅಸ್ತ್ರ: 1998ರ ಪಾಲುಪಟ್ಟಿ. ಬಿಳಿ ಹಾಳೆ, ಪಂಚಾಯ್ತಿದಾರರ ಸಹಿ, ನೋಂದಣಿಯಿಲ್ಲ. ಅದರ ಪ್ರಕಾರ ತಂದೆ ಬದುಕಿದ್ದಾಗಲೇ ಜಮೀನು ಗಂಡುಮಕ್ಕಳಿಗೆ ಹಂಚಿಕೆಯಾಗಿದೆ. 2004ರ ಡಿಸೆಂಬರ್ 20ಕ್ಕೆ ಮುಂಚೆ ಆಗಿಹೋದ ವಿಭಾಗಗಳನ್ನು 2005ರ ತಿದ್ದುಪಡಿ ಮುಟ್ಟುವುದಿಲ್ಲ. ಆದರೆ ವಿಭಾಗವೆಂದರೆ ನೋಂದಾಯಿತ ಪತ್ರ ಅಥವಾ ಕೋರ್ಟಿನ ಡಿಕ್ರಿ ಎಂದು ಅದೇ ಕಾಯ್ದೆ ಹೇಳುತ್ತದೆ. ಬಾಯಿಮಾತಿನ ಪಾಲನ್ನು ಸರ್ಕಾರಿ ದಾಖಲೆಗಳ ಗಟ್ಟಿ ಆಧಾರವಿದ್ದರೆ ಮಾತ್ರ, ಅದೂ ಅಪರೂಪಕ್ಕೆ, ಒಪ್ಪಬಹುದೆಂದು 2020ರ ತೀರ್ಪು ಸೇರಿಸಿದೆ. ಇಡೀ ದಾವೆ ತೂಗುತ್ತಿರುವುದು ಈ ಹಾಳೆಯ ಮೇಲೆ.

“ಇದರಲ್ಲಿ ನೀವೂ ಒಪ್ಪಿ ಹೆಬ್ಬೆಟ್ಟು ಒತ್ತಿದ್ದೀರಿ?”

“ಹೆಬ್ಬೆಟ್ಟು ಯಾಕೊತ್ತಲಿ ಸಾ? ನಂಗೆ ಸೈನ್ ಮಾಡಕ್ಕೆ ಬತ್ತದೆ. ನಾಕ್ನೇ ಕ್ಲಾಸು ಓದಿವ್ನಿ.”

ಹಾಲಿನ ಹಿಂಬೆಂಚಿನಲ್ಲಿ ಯಾರೋ ನಕ್ಕರು. ಈ ಸಲ ಉತ್ತರವನ್ನು ಯಾರೂ ಮೊಟಕು ಮಾಡಲಿಲ್ಲ. ಅವರ ವಕೀಲರು ಡೈರಿಯಲ್ಲಿ ಏನೋ ಬರೆದು ಎರಡು ಸಲ ಅಡಿಗೆರೆ ಎಳೆದರು. ಆ ಹೆಬ್ಬೆಟ್ಟನ್ನು ಬೆರಳಚ್ಚು ತಜ್ಞರಿಗೆ ಕಳಿಸಲು ಅರ್ಜಿ ಹಾಕಬೇಕು ಎಂಬುದು ಆ ಗೆರೆಗಳ ಅರ್ಥ. ಎದುರು ವಕೀಲರು ಮುಂದಿನ ಪ್ರಶ್ನೆಗೆ ಹೋದರು. ಕೊನೆಗೆ ಹೇಳಿಕೆಯ ಕೆಳಗೆ ಅಜ್ಜಿ ಒಂದೊಂದೇ ಅಕ್ಷರ ಕೂಡಿಸಿ ಸಹಿ ಹಾಕಿದರು.

ಊಟದ ಬಿಡುವಿನಲ್ಲಿ ಕ್ಯಾಂಟೀನು ತುಂಬಿದೆ. ಅಜ್ಜಿ, ಮೊಮ್ಮಗ ಒಂದು ಮೇಜಿನಲ್ಲಿ, ಇಬ್ಬರು ತಮ್ಮಂದಿರು ಅದರಾಚೆಯದರಲ್ಲಿ. ಊರಿಗೆ ಇರುವುದು ಒಂದೇ ಬಸ್ಸಾದ್ದರಿಂದ ವಾದಿ ಪ್ರತಿವಾದಿಗಳು ಬೆಳಿಗ್ಗೆ ಅದರಲ್ಲೇ ಬಂದಿದ್ದಾರೆ, ಸಂಜೆ ಅದರಲ್ಲೇ ಹೋಗಬೇಕು. ಮೊಮ್ಮಗನನ್ನು ಚಿಕ್ಕ ತಾತ ಕಣ್ಣಲ್ಲೇ ಮಾತಾಡಿಸುತ್ತಾನೆ. ದೊಡ್ಡವನು ತಟ್ಟೆಯಿಂದ ತಲೆ ಎತ್ತುವುದಿಲ್ಲ.

ಎದುರಿನ ಗೋಡೆಯ ಮೇಲೆ ತಾಲ್ಲೂಕು ಕಾನೂನು ಸೇವಾ ಸಮಿತಿಯ ಬೋರ್ಡು. 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆಯ 12ನೇ ಕಲಮಿನಲ್ಲಿ ಯಾವ ಹೆಣ್ಣುಮಗಳಿಗೂ ಆದಾಯದ ಮಿತಿಯಿಲ್ಲದೆ ಉಚಿತ ವಕೀಲರನ್ನು ಕೇಳುವ ಹಕ್ಕಿದೆ. ಅಜ್ಜಿ ಆ ಬೋರ್ಡಿನಡಿಯೇ ವರ್ಷಗಳಿಂದ ಓಡಾಡುತ್ತಿದ್ದಾರೆ. ಅದು ಅವರ ಕಣ್ಣಿಗೆ ಬೀಳುವ ಹೊತ್ತಿಗೆ ವಕೀಲರ ಫೀಸಿನ ಎರಡು ಕಂತು ಸಂದಿತ್ತು. ಇವರ ವಕೀಲರು ನೇರದವರು, ಫೀಸು ಇಷ್ಟೆಂದು ಮೊದಲೇ ಹೇಳಿದವರು. ಗೆದ್ದ ಜಮೀನಿನಲ್ಲಿ ಇಂತಿಷ್ಟು ಗುಂಟೆ ನನಗೆ ಎಂದು ಒಪ್ಪಂದ ಮಾಡಿಕೊಳ್ಳುವವರೂ ಇದ್ದಾರೆ. ಫಲಿತಾಂಶದ ಮೇಲೆ ಫೀಸು ಕಟ್ಟುವುದನ್ನು ಭಾರತೀಯ ವಕೀಲರ ಪರಿಷತ್ತಿನ ನಿಯಮ ನಿಷೇಧಿಸಿದೆ ಎಂಬುದು ಕಕ್ಷಿದಾರರಿಗೆ ತಿಳಿದಿರಬೇಕಾದ ಸಂಗತಿ.

ರಾಜಿಯ ಮಾತೂ ಒಮ್ಮೆ ನಡೆದಿದೆ. ಲೋಕ ಅದಾಲತ್ತಿನ ಶನಿವಾರ ಇಬ್ಬರು ವಕೀಲರೂ ಎಲ್ಲರನ್ನೂ ಎದುರುಬದುರು ಕೂರಿಸಿದ್ದರು. ಅಲ್ಲಿ ಒಪ್ಪಿ ಸಹಿ ಹಾಕಿದರೆ ಅದೇ ಡಿಕ್ರಿ, ಮೇಲ್ಮನವಿಯಿಲ್ಲ, ಕಟ್ಟಿದ ಕೋರ್ಟು ಶುಲ್ಕವೂ ವಾಪಸು. ತಮ್ಮಂದಿರು ದುಡ್ಡು ಕೊಡಲು ಒಪ್ಪಿದರು. ಅಜ್ಜಿ ದುಡ್ಡು ಬೇಡವೆಂದರು. “ಐದು ಗುಂಟೆಯಾದ್ರೂ ಸರಿ, ಬಾವಿ ಪಕ್ಕದ್ದು ಕೊಡ್ಲಿ.” ಬಾವಿಯ ಪಕ್ಕದ್ದನ್ನೇ ದೊಡ್ಡ ತಮ್ಮ ಮಾರಿಬಿಟ್ಟಿದ್ದ. ಮಾತು ಅಲ್ಲಿಗೆ ಮುರಿಯಿತು. ಬಾಗಿನದ ಸಂಗತಿಗೆ ದಾವೆಯಲ್ಲಿ ಜಾಗವಿರಲಿಲ್ಲ. ಇದ್ದದ್ದು ಆ ಮೇಜಿನ ಸುತ್ತ, ಆದರೆ ಅಂದು ಯಾರೂ ಅದನ್ನು ಎತ್ತಲಿಲ್ಲ.

ಮಧ್ಯಾಹ್ನ ಪಕ್ಕದ ಹಾಲಿನಲ್ಲಿ ಇಂಥದೇ ಒಂದು ದಾವೆಯ ತೀರ್ಪು. ವಾದಿಗೆ ಮೂರರಲ್ಲೊಂದು ಪಾಲು. ಹೊರಗೆ ಬಂದ ವಾದಿ ವಕೀಲರ ಕಾಲಿಗೆ ಬೀಳಲು ಹೋದ. ವಕೀಲರು ತಡೆದು ನಿಲ್ಲಿಸಿ, ಇದು ಪ್ರಾಥಮಿಕ ಡಿಕ್ರಿ ಎಂದು ವಿವರಿಸುತ್ತಿದ್ದಾರೆ. ಪಾಲು ಎಷ್ಟು ಎಂಬುದಷ್ಟೇ ಇದರಲ್ಲಿರುತ್ತದೆ, ಎಲ್ಲಿ ಎಂಬುದು ಇರುವುದಿಲ್ಲ. ಅದಕ್ಕೆ ಅಂತಿಮ ಡಿಕ್ರಿಯ ಕಲಾಪವಾಗಬೇಕು. ಕಂದಾಯದ ಜಮೀನಾದರೆ ಅಳತೆ ಹಂಚಿಕೆ ಕಂದಾಯ ಇಲಾಖೆಗೆ ಹೋಗುತ್ತದೆ, ಸರ್ವೆಯವರು ಸ್ಕೆಚ್ಚು ಮಾಡುತ್ತಾರೆ, ಅದಕ್ಕೆ ತಕರಾರು ಬರುತ್ತದೆ. ಮನೆ, ನಿವೇಶನವಾದರೆ ಕೋರ್ಟು ಕಮಿಷನರನ್ನು ನೇಮಿಸುತ್ತದೆ. ಅಂತಿಮ ಡಿಕ್ರಿಯನ್ನು ಛಾಪಾ ಕಾಗದದ ಮೇಲೆ ಬರೆಸಬೇಕು. ಆಮೇಲೂ ಬಿಟ್ಟುಕೊಡದಿದ್ದರೆ ಅಮಲ್ಜಾರಿ ಅರ್ಜಿ. ಪ್ರಾಥಮಿಕ ಡಿಕ್ರಿಯಾದ ಮೇಲೆ ಕಕ್ಷಿದಾರರು ಹೊಸ ಅರ್ಜಿ ಹಿಡಿದು ಬರಲೆಂದು ಕಾಯದೆ ಕೋರ್ಟುಗಳು ತಾವಾಗಿಯೇ ಮುಂದುವರಿಯಬೇಕೆಂದು ಸುಪ್ರೀಂ ಕೋರ್ಟು 2022ರಲ್ಲಿ ಹೇಳಿದೆ. ಸೋತವರು ನಕಲು ಪಡೆದು 30 ದಿನದಲ್ಲಿ ಜಿಲ್ಲೆಯ ಮೇಲಿನ ಕೋರ್ಟಿಗೆ ಹೋಗಬಹುದು ಎಂಬುದನ್ನೂ ವಕೀಲರು ಸೇರಿಸಿದರು. ಕಾಲಿಗೆ ಬೀಳಲು ಹೋದವನು ನಿಧಾನವಾಗಿ ಬೆಂಚಿನ ಮೇಲೆ ಕೂತ.

ಇದನ್ನೆಲ್ಲ ಕೋರ್ಟಿನ ಕೆಡುಕು ಎಂದು ಒಂದೇ ಮಾತಿನಲ್ಲಿ ತಳ್ಳಿಹಾಕುವುದು ಸುಲಭ. ಆದರೆ ಪ್ರತಿ ಹಂತವೂ ಯಾರದೋ ಹಕ್ಕಿಗೆಂದು ಇಟ್ಟದ್ದು. ಬೀಗ ಹಾಕಿದ ಮನೆಯವನಿಗೂ ನೋಟಿಸು ತಲುಪಬೇಕು, ತಿಳಿಯದೆ ಕೊಂಡವನ ಮಾತನ್ನೂ ಕೇಳಬೇಕು, ತಪ್ಪು ತೀರ್ಪನ್ನು ತಿದ್ದಲು ಮೇಲೊಂದು ಬಾಗಿಲಿರಬೇಕು. ತೊಂದರೆಯೆಂದರೆ, ಕೈಯಲ್ಲಿ ಜಮೀನು ಇಟ್ಟುಕೊಂಡವನಿಗೆ ಈ ಒಂದೊಂದು ಬಾಗಿಲೂ ಇನ್ನೊಂದು ಬೆಳೆ ತೆಗೆಯುವಷ್ಟು ಸಮಯ ಕೊಡುತ್ತದೆ, ಕೇಳುವವಳಿಗೆ ಇನ್ನೊಂದು ಬಸ್ ಚಾರ್ಜು. ಮಗಳಿಗೂ ಸಮಪಾಲು ಎಂದು ಕಾಯ್ದೆ ಒಂದು ಸಾಲಿನಲ್ಲಿ ಹೇಳಿತು. ಆ ಸಾಲನ್ನು ನೆಲಕ್ಕಿಳಿಸುವ ಖರ್ಚನ್ನು ಮಗಳ ಲೆಕ್ಕಕ್ಕೇ ಬರೆಯಿತು. ಅಪ್ಪ ಬದುಕಿದ್ದಾಗಲೇ ಎಲ್ಲ ಮಕ್ಕಳನ್ನೂ ಕೂರಿಸಿ ಪಾಲುಪಟ್ಟಿಯನ್ನು ಉಪನೋಂದಣಿ ಕಚೇರಿಯಲ್ಲಿ ನೋಂದಾಯಿಸಿದ್ದರೆ ಈ ಬೆಂಚುಗಳಲ್ಲಿ ಅರ್ಧ ಖಾಲಿ ಇರುತ್ತಿದ್ದವು. ವಕೀಲರೇ ಆ ಮಾತನ್ನು ಹೇಳುತ್ತಾರೆ, ತಮ್ಮ ಹೊಟ್ಟೆಪಾಡಿನ ಮೇಲೆ ಹೊಡೆದುಕೊಂಡಂತೆ ನಗುತ್ತ.

ಐದು ಗಂಟೆ. ಗುಮಾಸ್ತ ಮದುವೆ ಪತ್ರಿಕೆಯ ಬೆನ್ನಿಗೆ ಹೊಸ ತಾರೀಖು ಬರೆದುಕೊಟ್ಟ. ಬೇಸಿಗೆ ರಜೆ ನಡುವೆ ಬರುವುದರಿಂದ ಜೂನಿನದು.

“ಅಕ್ಕಾ, ಬರುವಾಗ ಸರ್ವೆ ಟಿಪ್ಪಣಿ ನಕಲು ತಗೊಂಡು ಬನ್ನಿ. ಚೆಕ್ಕುಬಂದಿ ಇವತ್ತು ಕೈ ಕೊಡ್ತಲ್ಲ.”

“ಅದ್ಕೂ ಅರ್ಜಿ ಹಾಕ್ಬೇಕಾ?”

“ಹಾಕ್ಬೇಕು. ತಾಲ್ಲೂಕಾಫೀಸಿನಲ್ಲಿ.”

“ನಾಳೀಕೇ ಹಾಕ್ತೀನಿ ಬುಡಪ್ಪಾ” ಎಂದು ಅಜ್ಜಿ ಪತ್ರಿಕೆಯನ್ನು ಕವರಿನೊಳಗಿಟ್ಟುಕೊಂಡರು. “ಅಂಗೇ ಆ ಮೂಡಲು ದಿಕ್ಕಿಗೆ ಯಾರ ಜಮೀನು ಅಂತ ನೀನೇ ಒಂದ್ಸಲ ಬರ್ಕೊಡು. ನಮ್ಮುಡ್ಗ ಬಾಯಿಪಾಠ ಮಾಡುಸ್ತಾನೆ.”